ಕೆರೆಗೆ ಔಷಧಿ ಹೊಡೆಯುವ ಮಾತು

ಹೆಡತಲೆಗೆ ಹತ್ತಿರದ ನಮ್ಮೂರಿನ ಕೆರೆಯನ್ನು ಅಂತರಗಂಗೆ ಕಳೆ ಪೂರ್ತಿ ಮುಚ್ಚಿಕೊಂಡ ವರ್ಷ ನಾನು ಕೆರೆ ಸಮಿತಿಯಲ್ಲಿದ್ದೆ. ಏರಿಯ ಮೇಲೆ ನಿಂತರೆ ನೀರೇ ಕಾಣುತ್ತಿರಲಿಲ್ಲ, ನೇರಳೆ ಹೂ ಬಿಟ್ಟ ಹಸಿರು ಬಯಲಿನಂತಿತ್ತು. ತೂಬಿನ ಬಾಯಲ್ಲಿ ಬೇರುಗಳು ಹೆಣೆದುಕೊಂಡು, ಕಾಲುವೆಗೆ ನೀರು ಸಣ್ಣಗೆ ಒಸರುತ್ತಿತ್ತು.

ನನ್ನ ತಮ್ಮನ ಗದ್ದೆ ಕಾಲುವೆಯ ಕೊನೆಯಲ್ಲಿತ್ತು. ಕಳೆನಾಶಕ ಹೊಡೆದುಬಿಡೋಣ ಎಂದು ಅವನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದ. ಮೀನು ಹಿಡಿಯುವ ಗುತ್ತಿಗೆ ಪಡೆದಿದ್ದ ಹೆಂಗಸು ಬೇಡವೇ ಬೇಡ ಎನ್ನುತ್ತಿದ್ದಳು. ಆಕೆ ಬಿಟ್ಟ ಮರಿಗಳು ಆಗತಾನೇ ದೊಡ್ಡವಾಗುತ್ತಿದ್ದವು. ದನ ಕುಡಿಯುವ ನೀರಲ್ಲವೇ ಎಂದು ಕೆಲವರು, ಜೆಸಿಬಿ ತರಿಸಿ ಎಂದು ಕೆಲವರು. ಜೆಸಿಬಿಯ ಕೈ ಕೆರೆಯ ನಡುವಿಗೆ ಎಟುಕುವುದಿಲ್ಲ ಎಂದಾಗ ಮತ್ತೆ ಔಷಧಿಯ ಮಾತಿಗೇ ಬರುತ್ತಿದ್ದೆವು. ಕೈಯಿಂದಲೇ ಕೀಳೋಣ ಎಂದು ಕೊನೆಗೆ ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಗೊತ್ತು ಮಾಡಿದ ಭಾನುವಾರ ಬಂದವರು ಆ ಹೆಂಗಸು, ಅವಳ ಗಂಡ ಮತ್ತು ನಾನು. ನಾವು ಎಳೆದು ತೆರವು ಮಾಡಿದ ಜಾಗವನ್ನು ಸಂಜೆಯ ಗಾಳಿ ಕಳೆಯನ್ನು ತಳ್ಳಿ ತಂದು ಮತ್ತೆ ತುಂಬಿಸಿತು.

ಕೆಲವು ವಾರಗಳ ಮೇಲೆ ತೂಬಿನ ಸುತ್ತಲಿನ ಎಲೆಗಳು ಸುಟ್ಟಂತೆ ಕಂದಿದವು. ಕೊಳೆತು ಮುಳುಗಿದವು. ನೀರು ಕಪ್ಪಾಗಿ, ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆ ಹೆಂಗಸು ನಮ್ಮ ಬಾಗಿಲಿಗೆ ಬಂದಳು, ಜಗಳವಾಡಲಿಲ್ಲ. "ನಿಮ್ ತಮ್ಮುನ್ನ ಒಂದ್ ಮಾತ್ ಕೇಳಿ ಅಕ್ಕಾ" ಎಂದಷ್ಟೇ ಹೇಳಿ ಹೋದಳು.

ಕೇಳಿದೆ. ಅವನು ಮುಚ್ಚಿಡಲಿಲ್ಲ.

"ನಾನೇ ಔಸ್ದಿ ಒಡ್ದೆ ಕಣಕ್ಕ. ಪೈರು ಒಣಗೋದ್ನ ನೋಡ್ಕಂಡು ಇನ್ನೆಷ್ಟ್ ಮೀಟಿಂಗ್ ಕೂರ್ಲಿ?"

ಇದನ್ನೇ ಅವಳೆದುರು ಹೋಗಿ ಹೇಳು ಎಂದೆ. ಹೋಗಿ ಹೇಳಿದನಂತೆ. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಸತ್ತ ಗಿಡ ತೂಬಿನೊಳಗೆ ಕೆಸರಾಗಿ ಕೂತಿದ್ದರಿಂದ ಅವನ ಗದ್ದೆಗೂ ನೀರು ಹರಿಯಲಿಲ್ಲ. ಮರುದಿನ ಅವನೇ ಸೊಂಟದವರೆಗಿನ ನೀರಿಗಿಳಿದು ಆ ಗಬ್ಬನ್ನು ಬಾಚತೊಡಗಿದ. ಸ್ವಲ್ಪ ಹೊತ್ತಿಗೆ ಆ ಹೆಂಗಸೂ ಗಂಡನೊಡನೆ ತೆಪ್ಪ ತಂದಳು. ಉಳಿದ ಮೀನಾದರೂ ಬದುಕಲಿ ಎಂದಿರಬೇಕು. ಇಡೀ ದಿನ ಅವನೊಡನೆ ಮಾತಾಡಲಿಲ್ಲ. ಅವನು ತುಂಬಿದ ಬುಟ್ಟಿ ಎತ್ತಿಕೊಟ್ಟರೆ ಇಸಿದುಕೊಳ್ಳುತ್ತಿದ್ದಳು.

ಅರ್ಧ ಪೈರು ಉಳಿಯಿತು. ಆಕೆ ಮಾತ್ರ ಗುತ್ತಿಗೆ ಬಿಟ್ಟು, ತವರಾದ ಹೆಮ್ಮಿಗೆಯ ಕಡೆ ಹೊಳೆಯಲ್ಲಿ ಮೀನು ಹಿಡಿಯಲು ಹೋದಳು.

ಮಳೆ ಬಿದ್ದ ಮೇಲೆ ಅಂತರಗಂಗೆ ಮತ್ತೆ ಹಬ್ಬಿತು. ಸಭೆಗೆ ಕರೆಯಲು ಬಂದವರಿಗೆ ಸೊಂಟನೋವು ಎಂದೆ. ಸುಳ್ಳೇನೂ ಅಲ್ಲ. ತಮ್ಮನೂ ಹೋಗಲಿಲ್ಲ, ಕುಡುಗೋಲು ತೆಗೆದುಕೊಂಡು ತೂಬಿನ ಕಡೆ ನಡೆದ.