ಕಂಬಳಿಯ ಕಿಟಕಿ

ಕೆಲಸದ ಜಾಗದಲ್ಲಿ ನನ್ನ ಗಂಡನಿಗೆ ಕಂಬಳಿ ಎಂದೇ ಹೆಸರು. ಹಣ್ಣು ತರಕಾರಿ ಇಡುವ ಶೈತ್ಯಾಗಾರದಲ್ಲಿ ಪರದೆ ನೋಡುವ ಕೆಲಸ. ಅಲ್ಲಿಯ ಚಳಿಗೆ ಬೇಸಿಗೆಯಲ್ಲೂ ಹೆಗಲ ಮೇಲೊಂದು ಕಂಬಳಿ. "ಏನ್ ಕಂಬಳಿ, ಬೆಚ್ಚಗಿದ್ಯಾ?" ಎಂದು ಯಾರಾದರೂ ಕೆಣಕಿದರೆ, "ನಿಮ್ಮ ಮಾವನ ಮನೇಲಿ ನೀವಿರೋದಕ್ಕಿಂತ ಬೆಚ್ಚಗಿದೀನಿ" ಎನ್ನುತ್ತಿದ್ದರು.

ಮನೆಯಲ್ಲಿ ಮಾತು ಕಡಿಮೆ. ಊಟಕ್ಕೆ ಕೂತಾಗ ಮಾತ್ರ ಆ ಕಂಪ್ಯೂಟರಿನ ಸುದ್ದಿ. ಪರದೆ ಮೇಲೆ ತೆರೆದುಕೊಳ್ಳುವ ಚೌಕಕ್ಕೆ ಕಿಟಕಿ ಎನ್ನುತ್ತಾರಂತೆ. ಯಾವ ಕಿಟಕಿಗೆ ಎಂಥ ಅಂಚು, ಯಾವುದು ಯಾವುದರ ಮೇಲೆ ಕೂರಬೇಕು ಎಂದೆಲ್ಲ ಅದಕ್ಕೆ ಸಾಲು ಸಾಲಾಗಿ ಬರೆದಿಡಬೇಕಂತೆ. ತಂಪು ಮಾಡುವ ಯಂತ್ರದಿಂದ ವಿಷದ ಅನಿಲ ಸೋರಿದರೆ ಏಳುವ ಕಿಟಕಿಗೆ ಇವರು ಕೆಂಪು ಅಂಚು ಹಾಕಿದ್ದರು. ಅದು ಎಲ್ಲದರ ಮೇಲಿರಬೇಕು ಎಂದೂ ಬರೆದಿದ್ದರು. ಕೂಗುವ ಗಂಟೆ ಕೆಟ್ಟು ಹೋಗಿತ್ತು. ಆ ಕಿಟಕಿಯೇ ದಿಕ್ಕು.

ಒಳಗೂ ಕಪ್ಪು ಕನ್ನಡಕ ಹಾಕುತ್ತಿದ್ದ ಬೆಳಗಿನ ಪಾಳಿಯವನಿಗೆ ಹೀರೋ ಎಂದು ಹೆಸರು. ಅದೇ ಪರದೆಯಲ್ಲಿ ಸಿನಿಮಾ ನೋಡುತ್ತಿದ್ದ. ಅನಿಲದ ಒತ್ತಡ ಒಂದಿಷ್ಟು ಏರಿದರೂ ಕೆಂಪು ಕಿಟಕಿ ಬಂದು ನಾಯಕಿಯ ಮುಖ ಮುಚ್ಚುತ್ತಿತ್ತು. ಯಾವ ಕಿಟಕಿಯೂ ಮೇಲೆ ಬರಕೂಡದು ಎಂದು ಎಲ್ಲ ಸಾಲುಗಳ ಕೆಳಗೆ ಇನ್ನೊಂದು ಸಾಲು ಬರೆದ.

ಇವರಿಗೆ ಅದು ಗೊತ್ತಾಯಿತು. ಅಳಿಸಿಬಿಡಿ ಎಂದೆ. ನಕ್ಕರು. "ಅವನು ಬರ್ದಿರೋದು ಎಲ್ಲಕ್ಕೂ ಸೇರಿಸಿ. ನಾನು ಆ ಕಿಟಕಿ ಹೆಸರು ಹಿಡಿದು ಬರ್ದಿದೀನಿ ಕಣೇ. ನಂದೇ ನಿಲ್ಲುತ್ತೆ."

ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಪರದೆ ನೋಡಿದರು, ಕೆಂಪು ಅಂಚು ಕಾಣಲಿಲ್ಲ. ಯಂತ್ರದ ಕೋಣೆಗೆ ಸುತ್ತು ಹಾಕಲು ಹೊರಟು ಬಾಗಿಲು ತೆಗೆದರು. ಒಳಗೆ ಅನಿಲ ತುಂಬಿತ್ತು.

ಹೆಣ ಇನ್ನೂ ಅಂಗಳದಲ್ಲಿತ್ತು. ಹೀರೋ ಮಾಲೀಕರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. "ಕಂಬಳಿ ಹೊದ್ಕೊಂಡು ನಿದ್ದೆ ಹೊಡೀತಿದ್ದ ಸಾರ್, ಇನ್ನೇನಾಗುತ್ತೆ." ಮಾಲೀಕರು ನಂಬಿದರು. ಊರೂ ನಂಬಿತು. ನಾನು ಹಲ್ಲು ಕಚ್ಚಿಕೊಂಡೆ.

ಆಮೇಲೆ ನನಗೆ ಆ ಶೈತ್ಯಾಗಾರದಲ್ಲೇ ನೆಲ ಒರೆಸುವ ಕೆಲಸ ಕೊಟ್ಟರು. ಕಂಪ್ಯೂಟರ್ ಪರೀಕ್ಷೆ ಮಾಡಲು ರಿಪೇರಿಯ ಹುಡುಗಿ ಬಂದ ದಿನ ಮಾಲೀಕರೂ ಇದ್ದರು. ನಾನು ಬಟ್ಟೆ ಹಿಂಡುತ್ತಿದ್ದೆ. ಅವಳು ಅನಿಲ ಸೋರಿದಂತೆ ಕಂಪ್ಯೂಟರಿಗೆ ಸುಳ್ಳು ಸುದ್ದಿ ಕೊಟ್ಟು, ಪರದೆ ತುಂಬ ಇದ್ದ ತಾಪಮಾನದ ಕಿಟಕಿಯನ್ನು ಪಕ್ಕಕ್ಕೆ ಎಳೆದಳು. ಅಡಿಯಲ್ಲಿ ಕೆಂಪು ಅಂಚಿನದು ಕೂತಿತ್ತು.

"ನೋಡಿ ಸಾರ್. ಎರಡು ಸಾಲು ಜಗಳಕ್ಕೆ ಬಿದ್ರೆ ಇದು ಹೆಸರು ಗಿಸರು ನೋಡಲ್ಲ. ಕೊನೇಲಿ ಬರೆದಿದ್ದೇ ಗೆಲ್ಲೋದು. ಅಂಚಿನ ಬಗ್ಗೆ ಕೆಳಗೆ ಯಾರೂ ಏನೂ ಬರ್ದಿಲ್ಲ, ಅದಕ್ಕೆ ಕೆಂಪು ಹಾಗೇ ಉಳಿದಿದೆ. ಮೇಲಿರಬೇಕು ಅನ್ನೋದಷ್ಟೇ ಬಿದ್ದುಹೋಗಿದೆ. ಅವತ್ತೂ ಕಿಟಕಿ ಬಂದಿದೆ, ಅಡಿಯಲ್ಲಿ."

ಕೊನೆಯ ಸಾಲು ಯಾರದೆಂದು ನಾನು ಹೇಳಿದೆ. ಹೀರೋನನ್ನು ಕರೆಸಿದರು. ನನ್ನ ಕಾಲಿಗೆ ಬಿದ್ದ. "ಅಕ್ಕಾ, ಬೇಕಂತ ಮಾಡಿದ್ದಲ್ಲ."

"ನಿದ್ದೆ ಹೊಡೀತಿದ್ದ ಅಂದಿದ್ದು?" ಎಂದೆ.

ಕಾಲನ್ನು ಇನ್ನೂ ಗಟ್ಟಿಯಾಗಿ ಹಿಡಿದ.

"ಇವತ್ತೇ ಮನೆಗೆ ಕಳಿಸ್ತೀನಿ" ಎಂದರು ಮಾಲೀಕರು.

"ಬೇಡ. ಹೊರಗೆ ಹೋದ್ರೆ ಮರೀತಾನೆ. ಅಲ್ಲೇ ಕೂರಿಸಿ" ಎಂದೆ. ಹುಡುಗಿಯ ಕಡೆ ತಿರುಗಿದೆ. "ಆ ಕಿಟಕಿ ಯಾವತ್ತೂ ಮುಚ್ಚಬಾರದು ತಾಯಿ, ಎಲ್ಲದರ ಮೇಲಿರಬೇಕು. ಅದರ ತಲೆ ಮೇಲೆ ನಾನು ಹೇಳೋ ಮಾತು ಬರಿ. ಈ ಸಾಲನ್ನ ಎಲ್ಲದಕ್ಕಿಂತ ಕೊನೇಲಿ ಬರಿ. ಅದರ ಕೆಳಗೆ ಯಾರೂ ಬರೀಬಾರದು."

ಅವಳು ಮಾಲೀಕರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಬರೆದು ಬೀಗ ಹಾಕಿದಳು.

ಈಗ ಹೀರೋ ಪಾಳಿಯುದ್ದಕ್ಕೂ ಅದನ್ನೇ ನೋಡುತ್ತ ಕೂರಬೇಕು. ಕೆಂಪು ಅಂಚು, ಒಳಗೆ ಒತ್ತಡದ ಅಂಕಿ, ತಲೆಯ ಮೇಲೆ ಅಕ್ಷರ: ಕಂಬಳಿ ಎಚ್ಚರವಾಗಿದ್ದಾನೆ. ಒಮ್ಮೆ ಆ ಕಿಟಕಿ ಕಾಣದಂತೆ ಪರದೆಯ ಮೇಲೆ ಕರವಸ್ತ್ರ ಇಳಿಬಿಟ್ಟಿದ್ದ. ಎತ್ತಿ ಬಕೆಟ್ಟಿಗೆ ಹಾಕಿ, ಅದರಲ್ಲೇ ನೆಲ ಒರೆಸಿದೆ.

ಮೊನ್ನೆ ಕೇಳಿದ. ಇಳಿದುಹೋಗಿದ್ದಾನೆ, ಕಪ್ಪು ಕನ್ನಡಕವೂ ಇಲ್ಲ. "ಅಕ್ಕಾ, ಕಣ್ಣು ಮುಚ್ಚಿದ್ರೂ ಅದೇ ಕಾಣ್ಸುತ್ತೆ. ತೆಗೆಸಿಬಿಡಿ, ನಿಮ್ಮ ದಮ್ಮಯ್ಯ."

"ಕಾಲೆತ್ತು" ಎಂದೆ. "ಒರೆಸ್ಬೇಕು."