ಗುರುವಾರದ ಬೆಳಗಿನ ಆಟ

ಆ ಗುರುವಾರ ಬೆಳಗಿನ ಆಟ ಓಡಲಿಲ್ಲ, ಶೀಬಾ. ನಾನೇ ನಿಲ್ಲಿಸಿದೆ. ಓಡಿತು ಎಂದು ಕಾಗದಕ್ಕೆ ಸಹಿ ಹಾಕಿದವಳೂ ನಾನೇ. ತಿಂಗಳಾದ ಮೇಲೆ ನೀನು ಫೋನಿನಲ್ಲಿ ಕೇಳಿದಾಗ ಇನ್ನೊಮ್ಮೆ ಸುಳ್ಳು ಹೇಳಿದವಳೂ ನಾನೇ. ಇದಿಷ್ಟು ಬರೆಯಲು ಎರಡು ವರ್ಷ ಬೇಕಾಯಿತು—

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಬರೆಯುವುದು ನಿಧಾನ. "ಅಜ್ಜಿ, ನೀನ್ ಹೇಳು, ನಾನ್ ಫೋನಲ್ಲಿ ಟೈಪ್ ಮಾಡ್ತೀನಿ" ಎಂದಳು ಮೊಮ್ಮಗಳು. ಬೇಡ ಎಂದೆ. ಸುಳ್ಳಿಗೆ ನನ್ನ ಕೈಯಾರೆ ಸಹಿ ಹಾಕಿ, ನಿಜವನ್ನು ಇನ್ನೊಬ್ಬರ ಕೈಲಿ ಬರೆಸುವುದು ಯಾವ ನ್ಯಾಯ? ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದವನ್ನು ನಿನ್ನ ಹಳೆಯ ಆಫೀಸಿನವರೂ ಓದಬೇಕು.

ಹಲಸೂರಿನ ಆ ಥಿಯೇಟರಿನಲ್ಲಿ ನಾನು ಮೂವತ್ತು ವರ್ಷ ಕಸ ಗುಡಿಸಿದ್ದೇನೆ. ಕಸ ಗುಡಿಸುವವಳಿಗೆ ಯಾವ ಸಿನಿಮಾದ ಶುರುವೂ ಗೊತ್ತಿರುವುದಿಲ್ಲ. ಬಾಗಿಲು ತೆಗೆಯುವ ಹೊತ್ತಿಗೆ ಪೊರಕೆ ಹಿಡಿದು ನಿಂತರೆ ಕೊನೆಯ ಐದು ನಿಮಿಷ ಕಾಣುತ್ತದೆ— ಒಂದೋ ವಿಲನ್ ಸತ್ತಿರುತ್ತಾನೆ, ಇಲ್ಲವೇ ಯಾರದೋ ಮದುವೆ. ಯಾರು ಯಾಕೆ ಸತ್ತರು ಎಂದು ನಾನು ಕೇಳಿದವಳಲ್ಲ. ಯಾವ ಸಾಲಿನಲ್ಲಿ ಕಡಲೆಕಾಯಿ ಸಿಪ್ಪೆ ಹೆಚ್ಚು ಎಂಬುದಷ್ಟೇ ನನ್ನ ಚಿಂತೆ.

ಅಲ್ಲಿಗೆ ನೀನು ಬಂದೆ, ನಿನ್ನ ಆಫೀಸಿನವರು ತೆಗೆದ ಲಯಾಳ ಪಿಕ್ಚರನ್ನು ಹಿಡಿದುಕೊಂಡು. ಜೀವನ್ ಬಿಮಾ ನಗರದಲ್ಲಿ ಬೆಳೆದ ಹುಡುಗಿ, ಈಗ ದೇಶ ದೇಶ ಸುತ್ತಿ ಹಾಡುವವಳು. ಕಥೆಯಲ್ಲ, ಅವಳ ನಿಜದ ಬದುಕನ್ನೇ ತೆಗೆದ ಪಿಕ್ಚರು ಎಂದೆ. ಮುಂದಿನ ತಿಂಗಳು ಎಲ್ಲರ ಫೋನಿಗೂ ಬರುತ್ತದೆ ಎಂದೂ ಹೇಳಿದೆ. ನನಗೆ ತಲೆಬುಡ ತಿಳಿಯಲಿಲ್ಲ.

"ಫೋನಲ್ಲಿ ಬರೋದಕ್ಕೆ ಥಿಯೇಟರ್ ಯಾಕಮ್ಮಾ? ಮನೇಲಿ ಊಟ ಇಟ್ಕೊಂಡು ಛತ್ರ ಬುಕ್ ಮಾಡ್ದಂಗಾಯ್ತು."

ನೀನು ನಕ್ಕೆ. "ಪ್ರಶಸ್ತಿಗೆ ಅಜ್ಜಿ, ಹೊರದೇಶದ್ದು. ಥಿಯೇಟರಲ್ಲಿ ಏಳು ದಿನ ಬಿಡದೆ, ದಿನಕ್ಕೆ ಮೂರು ಆಟ, ಟಿಕೆಟ್ ಇಟ್ಟು ಓಡಿಸಿದ್ರೇನೇ ಅವ್ರು ನಮ್ ಅರ್ಜಿ ತಗೊಳ್ಳೋದು. ಜನ ಬರ್ಲಿ ಬಿಡ್ಲಿ, ಓಡ್ಲೇಬೇಕು."

"ಯಾರೂ ಬರ್ದಿದ್ರೂ?"

"ಒಬ್ರೂ ಬರ್ದಿದ್ರೂ. ಇದೊಂದು ಸರಿಯಾಗಿ ಆಗ್ಬಿಟ್ರೆ ಮುಂದಿನ ಪಿಕ್ಚರ್ ನನ್ ಕೈಗೇ ಕೊಡ್ತಾರೆ ಅಜ್ಜಿ."

ಹಾಗಾಗಿ ಗೊತ್ತಿರಲಿಲ್ಲ ಎನ್ನುವ ಮಾತೇ ಇಲ್ಲ. ಚೆನ್ನಾಗಿ ಗೊತ್ತಿತ್ತು.

ಪ್ರತಿ ಆಟ ಓಡಿದ್ದಕ್ಕೆ ಒಂದು ಕಾಗದದಲ್ಲಿ ಸಹಿ ಬೇಕಿತ್ತು. ಮ್ಯಾನೇಜರ್ ಮಧ್ಯಾಹ್ನದ ಮೇಲೆ ಮುಖ ತೋರಿಸುವ ಮನುಷ್ಯ. ನೀನು ಕಾಗದವನ್ನು ನನ್ನ ಮುಂದಿಟ್ಟೆ. "ನೀವು ಮೂರ್ ಹೊತ್ತೂ ಇಲ್ಲೇ ಇರ್ತೀರಲ್ಲ, ನಿಮ್ ಸಹಿ ಸಾಕು" ಎಂದೆ. ಮೂವತ್ತು ವರ್ಷದಲ್ಲಿ ಅಲ್ಲಿ ಯಾರೂ ನನ್ನ ಮಾತನ್ನೇ ಕೇಳಿರಲಿಲ್ಲ, ಸಹಿ ಹಾಗಿರಲಿ. ಆ ದಿನ ಹಾಕಿದ ಮೂರು ಸಹಿಯೂ ನಿಜದವು. ಅದನ್ನಾದರೂ ಹೇಳಿಕೊಳ್ಳುತ್ತೇನೆ.

ಎರಡನೇ ದಿನ ಬೆಳಗಿನ ಆಟಕ್ಕೆ ನಾಲ್ಕೇ ಜನ. ಬಾಗಿಲ ಬಳಿ ನಿಂತಿದ್ದ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡೆ ನೀನು.

"ಕೂತ್ಕೊಳ್ಳಿ ಅಜ್ಜಿ."

"ಗುಡಿಸೋರು ಸೀಟಲ್ಲಿ ಕೂರೋ ಹಾಗಿಲ್ಲಮ್ಮಾ."

"ಯಾರ್ ಮಾಡಿದ್ ರೂಲು? ಈ ವಾರ ಥಿಯೇಟರ್ ನಮ್ದು. ಕೂತ್ಕೊಳ್ಳಿ."

ನಡುಸಾಲಿನ ನಡುವಿನ ಸೀಟು. ಒಂದು ಸಿನಿಮಾವನ್ನು ಶುರುವಿನಿಂದ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಪರದೆಯ ಮೇಲಿನವರು ಇಂಗ್ಲಿಷ್ ಮಾತಾಡಿದಾಗಲೆಲ್ಲ ನೀನು ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಸಾವಿರಾರು ಜನ ಹೊರಗೆ ಕೂಗುತ್ತಿದ್ದಾರೆ, ಒಳಗೆ ಆ ಹುಡುಗಿ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ನನ್ನ ಕೈಲಾಗಲ್ಲ, ಹೋಗಲ್ಲ ಎನ್ನುತ್ತಾಳೆ. ಆಮೇಲೆ ಎದ್ದು ಕಾಲು ಒರೆಸಿಕೊಂಡು ಹೋಗುತ್ತಾಳೆ. ಅಳು ಬರಲಿಲ್ಲ ನನಗೆ, ನಾನು ಅಳುವವಳಲ್ಲ. ಆದರೆ ಅವಳು ನನಗೆ ಗೊತ್ತಿರುವವಳು ಎನಿಸಿತು. ಕೆಲಸಕ್ಕೆ ಹೋಗುವ ಹೆಂಗಸರಿಗೆಲ್ಲ ಅಂಥದೊಂದು ಬಕೆಟ್ಟು—

"ಮುಖಾನೇ ಸರಿಯಾಗ್ ತೆಗ್ದಿಲ್ಲ, ಎಲ್ಲಾ ಮಂಜು ಮಂಜು" ಎಂದು ನಾನು ಬೈದೆ.

"ಅಯ್ಯೋ ಅಜ್ಜಿ, ಮಂಜು ಪಿಕ್ಚರಲ್ಲಿಲ್ಲ, ನಿಮ್ ಕಣ್ಣಲ್ಲಿ!"

ಆ ಸಂಜೆಯೇ ಆಟೋದಲ್ಲಿ ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹೊಳೆಯದ್ದು ಎರಡು ದಿನದ ಪರಿಚಯದ ನಿನಗೆ ಹೊಳೆಯಿತು. ಕನ್ನಡಕ ಗುರುವಾರ ಸಿಗುತ್ತದೆ ಎಂದರು ಅಂಗಡಿಯವರು.

ಗುರುವಾರ ನಿನಗೆ ಆಫೀಸಿನಲ್ಲಿ ಮೀಟಿಂಗು. ಬೆಳಗಿನ ಆಟಕ್ಕೆ ಕೌಂಟರಿನಲ್ಲಿ ಒಂದು ಟಿಕೆಟ್ಟೂ ಹರಿಯಲಿಲ್ಲ. ಮಿಷನ್ ಓಡಿಸುವ ಯೂಸುಫ್ ಮೇಲಿನ ಕೋಣೆಯಿಂದ ಇಣುಕಿದ.

"ಅಕ್ಕಾ, ಒಂದು ನೊಣಾನೂ ಇಲ್ಲ. ಶುರು ಮಾಡ್ಲಾ?"

"ಯಾರಿಗ್ ತೋರಿಸ್ತೀಯಾ, ಸೀಟುಗಳಿಗಾ? ಬಿಡು. ನಾನ್ ಹೋಗಿ ಕನ್ನಡಕ ತಗೊಂಡ್ ಬಂದ್ಬಿಡ್ತೀನಿ."

"ಓಡ್ಲೇಬೇಕು ಅಂದಿದ್ರಲ್ಲ ಮೇಡಂ?"

"ಮೇಡಮ್ಮಿಗೆ ಯಾರ್ ಹೇಳ್ತಾರೆ, ನೀನಾ?"

"ನಾನ್ ಯಾಕ್ ಹೇಳ್ಲಿ? ಮಿಷನ್ ಹೇಳ್ತದೆ. ಯಾವ ಆಟ ಎಷ್ಟೊತ್ತಿಗೆ ಅಂತ ಅದು ಎಲ್ಲಾ ಬರ್ಕೊಳ್ತದೆ."

"ಅದೇನು ಚಿತ್ರಗುಪ್ತನಾ ಬರ್ಕೊಳ್ಳಕ್ಕೆ?"

ಇಬ್ಬರೂ ನಕ್ಕೆವು. ಅವನು ಮಿಷನ್ ಹಚ್ಚಲಿಲ್ಲ. ನಾನು ಫ್ಯಾನು ಲೈಟು ಆರಿಸಿದೆ.

ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ನನಗೆ ತಡೆಯುವುದಿಲ್ಲ, ಹುಟ್ಟುಗುಣ. ಆದರೆ ಅದನ್ನು ಕಾರಣ ಎಂದು ನಿನ್ನ ಮುಂದೆ ಇಡುವುದಿಲ್ಲ. ಲಯಾಳ ಮುಖವನ್ನು ಸರಿಯಾಗಿ ನೋಡುವ ಆಸೆಗೆ ಹೋದೆ ಎಂದೂ ಒಂದೊಂದು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಲು ಚೆನ್ನಾಗಿದೆ. ಅಂಗಡಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ಸಂಜೆ ಹೋಗಬಹುದಿತ್ತು. ಆಗಲೇ ಬೇಕೆನಿಸಿತು, ಹೋದೆ. ಅಷ್ಟೇ.

ಮಧ್ಯಾಹ್ನದ ಆಟದಲ್ಲಿ ಕನ್ನಡಕ ಹಾಕಿಕೊಂಡು ಕೂತೆ. ಆ ಹುಡುಗಿಯ ಗಲ್ಲದ ಮೇಲಿನ ಸಣ್ಣ ಗಾಯದ ಗುರುತು ಕಂಡಿತು. ನಗುವಾಗ ಅದು ಒಳಗೆ ಹೋಗುತ್ತದೆ. ಎಷ್ಟು ಸಂತೋಷವಾಯಿತು ಗೊತ್ತಾ? ಅದೇ ಸಂತೋಷದಲ್ಲಿ ಸಂಜೆ ಕಾಗದ ತೆಗೆದು ಮೂರು ಆಟಕ್ಕೂ ಒಟ್ಟಿಗೆ ಸಹಿ ಹಾಕಿದೆ. ಗೆರೆ, ತಾರೀಖು, ನನ್ನ ಹೆಸರು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣು ಕಾಣದೆ ಹಾಕಿದ ಸಹಿಯಲ್ಲ ಅದು.

ಮರುದಿನ ನೀನು ಬಂದು "ಏನ್ ಅಜ್ಜಿ, ಹೆಡ್‌ಮಿಸ್ ಥರ ಕಾಣ್ತಿದೀರಾ!" ಎಂದು ಕೆನ್ನೆ ಹಿಂಡಿದೆ. ಆಗಲಾದರೂ ಹೇಳಬಹುದಿತ್ತು. ಅರ್ಜಿಗೆ ಇನ್ನೂ ದಿನವಿತ್ತು, ಮುಂದಿನ ವಾರ ಥಿಯೇಟರೂ ಖಾಲಿಯಿತ್ತು, ನೀನು ಹೊಸದಾಗಿ ಏಳು ದಿನ ಓಡಿಸಿಬಿಡುತ್ತಿದ್ದೆ. ನೀನು ಬೈಯುತ್ತಿದ್ದೆ, ಅಷ್ಟೇ ತಾನೆ? ಹೇಳಲಿಲ್ಲ. ನಿನ್ನ ಬೈಗುಳಕ್ಕಲ್ಲ ಹೆದರಿದ್ದು— ನಿನ್ನ ಕಣ್ಣಲ್ಲಿ ಮತ್ತೆ ಬರೀ ಕಸದವಳಾಗಿಬಿಡುತ್ತೇನೆ ಎಂದು.

ತಿಂಗಳ ಮೇಲೆ ನಿನ್ನ ಫೋನು.

"ಅಜ್ಜಿ, ಪ್ರಶಸ್ತಿಯವ್ರು ಮಿಷನ್ ದಾಖಲೆ ತರ್ಸಿದಾರೆ. ಅದರಲ್ಲಿ ಇಪ್ಪತ್ತೇ ಆಟ ಇದೆಯಂತೆ, ನಮ್ ಕಾಗದದಲ್ಲಿ ಇಪ್ಪತ್ತೊಂದು. ಗುರುವಾರ ಬೆಳಗ್ಗೆ ಓಡ್ತಲ್ವಾ?"

"ಓಡ್ತು ತಾಯಿ."

"ಗೊತ್ತಿತ್ತು ನಂಗೆ. ಮಿಷನ್ನೇ ತಪ್ಪು."

ನೀನು ಮೀಟಿಂಗಿನಲ್ಲಿ ಎದ್ದು ನಿಂತು, ಮಿಷನ್ ಮರೆತಿರಬಹುದು, ಆ ಅಜ್ಜಿ ಸುಳ್ಳು ಹೇಳುವವರಲ್ಲ ಎಂದೆಯಂತೆ. ಪಿಕ್ಚರನ್ನು ಪಟ್ಟಿಯಿಂದ ತೆಗೆದರು. ಕಾಗದ ನೀನೇ ತಿದ್ದಿದ್ದು ಎಂದು ನಿನ್ನ ಮೇಲಿನವರು ತೀರ್ಮಾನ ಮಾಡಿದರು. ಕೆಲಸ ಹೋಯಿತು. ಇದನ್ನೆಲ್ಲ ನೀನು ನಮ್ಮ ಮನೆಯ ಚಾಪೆಯ ಮೇಲೆ ಕೂತು, ನಾನು ಬಡಿಸಿದ ಮುದ್ದೆ ಮುರಿಯುತ್ತಾ ನಗುನಗುತ್ತಾ ಹೇಳಿದೆ. ನಾನು ಇನ್ನೊಂದು ಸೌಟು ಸಾರು ಹಾಕಿದೆ. ಅಷ್ಟೇ ಮಾಡಿದ್ದು.

ಅಲ್ಲಿಂದೀಚೆಗೆ ಎರಡು ಕ್ರಿಸ್‌ಮಸ್ಸಿಗೂ ಪುಲಿಕೇಶಿನಗರದಿಂದ ನಿಮ್ಮಮ್ಮ ಮಾಡಿದ ಕೇಕು ತಂದುಕೊಟ್ಟಿದ್ದೀಯಾ. ನನ್ನ ಮಂಡಿ ನೋವಿಗೆ ಎಣ್ಣೆ ತಂದಿದ್ದೀಯಾ. ಊರವರ ಮದುವೆಯ ವಿಡಿಯೋ ಜೋಡಿಸುವ ಕೆಲಸ ಮಾಡುತ್ತಾ, ಒಂದು ದಿನವೂ ಯಾರನ್ನೂ ಶಪಿಸಿದ್ದನ್ನು ನಾನು ಕೇಳಿಲ್ಲ. ನಿನ್ನಿಂದ ನನಗೆ ಆದದ್ದೆಲ್ಲ ಒಳ್ಳೆಯದೇ ಶೀಬಾ. ಹಾಗೆ ನೋಡಿದರೆ ನನ್ನ ಬಾಳಿನಲ್ಲಿ ಒಳ್ಳೆಯದಕ್ಕೆ ಬರವಿಲ್ಲ, ಅದರಲ್ಲಿ ನಿನ್ನ ಪಾಲು ದೊಡ್ಡದು. ದೇವರ ಮುಂದೆ ದಿನಾ ನಿನ್ನ ಹೆಸರು ಹೇಳುತ್ತೇನೆ.

ಹೋದ ಭಾನುವಾರ ಬಂದಾಗ ಹೇಳಿದೆಯಲ್ಲ, ಹಳೆಯ ಆಫೀಸಿನವರು ಹೊಸ ಪಿಕ್ಚರಿಗೆ ಕರೆದಿದ್ದಾರೆ ಎಂದು. ಆದರೆ ಆ ಕಾಗದ ತಿದ್ದಿದ್ದು ನೀನೇ ಎಂದು ಮೊದಲು ಒಪ್ಪಿಕೊಳ್ಳಬೇಕಂತೆ, ಈ ಬರುವ ಸೋಮವಾರದೊಳಗೆ. "ಮಾಡ್ದೇ ಇರೋ ತಪ್ಪನ್ನ ಯಾಕ್ ಒಪ್ಕೊಳ್ಲಿ ಅಜ್ಜಿ? ಕೆಲಸ ಹೋದ್ರೆ ಹೋಗ್ಲಿ" ಎಂದೆ. ಎರಡನೇ ಸಲವೂ ಹೋಗಲಿ ಎನ್ನುತ್ತೀಯಾ, ನನ್ನ ಮಾತು ನಂಬಿಕೊಂಡು—

ಮರುದಿನವೇ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಬಸ್ಸು ಹತ್ತಿ, ಅಲ್ಲೇ ಹತ್ತಿರ ಮಗಳ ಮನೆಯಲ್ಲಿರುವ ಯೂಸುಫ್‌ನನ್ನು ಕಂಡೆ. ಹೇಳಿಬಿಡುತ್ತೇನೆ ಎಂದೆ.

"ಹೇಳು ಅಕ್ಕಾ. ನಾನೂ ಬರ್ತೀನಿ ಜೊತೇಲಿ. ಮಿಷನ್ ಹಚ್ದೇ ಬಿಟ್ಟಿದ್ದು ನಾನಲ್ವಾ?"

"ಬಿಡ್ಸಿದ್ದು ನನ್ ಬಾಯಿ ಕಣೋ. ಸುಮ್ನೆ ಮನೇಲಿರು."

ಈ ಕಾಗದವನ್ನು ಎರಡು ಸಲ ಬರೆದಿದ್ದೇನೆ. ಒಂದು ನಿನಗೆ, ಇವತ್ತೇ. ಇನ್ನೊಂದು ಆಫೀಸಿನವರಿಗೆ. ನಿನಗಿಂತ ಮೊದಲು ಅವರಿಗೆ ತಿಳಿಯಬಾರದು. ಓದಿದ ಮೇಲೆ ನೀನು ನಮ್ಮ ಮನೆಗೆ ಬರದೆ ಹೋದರೆ ಅದು ಸರಿಯಾದದ್ದೇ. ನಾನು ಕರೆಯಲು ಬರುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀಯಾ, ನಿನ್ನ ಗುಣ ನನಗೆ ಗೊತ್ತು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಂದಿರಾನಗರದ ನಿನ್ನ ಹಳೆಯ ಆಫೀಸಿಗೆ ಹೋಗುತ್ತೇನೆ. ಸಹಿ ನನ್ನದು, ಹುಡುಗಿಗೆ ಏನೂ ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿ ಹೇಳುತ್ತೇನೆ. ಬೇಕಿದ್ದರೆ ಅವರ ಮುಂದೆಯೇ ಇನ್ನೊಮ್ಮೆ ಸಹಿ ಹಾಕಿ ತೋರಿಸುತ್ತೇನೆ, ಹೊಂದಿಸಿ ನೋಡಲಿ. ನೀನು ಮಾತ್ರ ಜೊತೆಗೆ ಬರಬೇಡ. ಪಕ್ಕದಲ್ಲಿ ನಿಂತರೆ ನೀನೇ ಹೇಳಿಕೊಟ್ಟೆ ಎನ್ನುತ್ತಾರೆ. ನಾನು ಒಬ್ಬಳೇ ಹೋಗುತ್ತೇನೆ.