ಶಾಂತವಾಗದ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರಿನ ನಿದ್ದೆ ಕಳುವಾಗಿತ್ತು. ಪೊಲೀಸ್ ಠಾಣೆಗೆ ಹೋಗುವಂಥ ಕಳುವಲ್ಲವಾದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಪರದೆಯ ಮೂಲೆ ಒತ್ತಿ, 'ಸ್ಲೀಪ್' ಎಂಬಲ್ಲಿ ಒಂದು ಕ್ಲಿಕ್ ಕೊಟ್ಟು ಹೋಗುವುದು ನನ್ನ ರೂಢಿ. ಅವತ್ತು ಒತ್ತಿದರೆ ಸ್ಲೀಪ್ ಇಲ್ಲ, ಶಟ್ ಡೌನ್ ಇಲ್ಲ, ರೀಸ್ಟಾರ್ಟ್ ಕೂಡ ಇಲ್ಲ. ಅವುಗಳ ಜಾಗದಲ್ಲಿ ಇಂಗ್ಲಿಷಿನ ಒಂದೇ ಸಾಲು: ಸದ್ಯಕ್ಕೆ ಯಾವ ಪವರ್ ಆಯ್ಕೆಗಳೂ ಲಭ್ಯವಿಲ್ಲ. ನನ್ನ ಹೆಂಡತಿ ಗಿರಿಜಾ ಬಗ್ಗಿ ಓದಿ, ಪವರ್ ಇಲ್ಲ ಅಂತ ಹೇಳಲಿಕ್ಕೂ ಪವರ್ ಬೇಕಲ್ಲ ಎಂದು ಒಳಗೆ ಹೋದಳು. ಬೇಸಿಗೆಯ ಕೊಪ್ಪಳದಲ್ಲಿ ಇದ್ದವರಿಗೆ ಆ ಸಾಲಿನಲ್ಲಿ ಹೊಸದೇನೂ ಇರಲಿಲ್ಲ. ಮುಂಚಿತವಾಗಿ ತಿಳಿಸಿದ್ದಷ್ಟೇ ಹೊಸದು.

ಯಂತ್ರವೊಂದು ಮಲಗಲಿಲ್ಲವೆಂದು ಮರುಗುವ ಜೀವ ನನ್ನದಲ್ಲ. ಆದರೆ ಅದೇ ಪಡಸಾಲೆಯಲ್ಲಿ ನನ್ನ ತಮ್ಮ ಹನುಮಂತ ಮಲಗುತ್ತಿದ್ದ. ಅವನು ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಕುಲುಮೆಯ ಹತ್ತಿರದ ಕೆಲಸಗಾರ. ಆ ತಿಂಗಳು ಅವನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಂದು, ರೊಟ್ಟಿ ತಿಂದು, ಮುಖದ ಮೇಲೆ ಟವೆಲ್ ಎಳೆದುಕೊಂಡು ಮಲಗಿಬಿಡುವನು. ನಮ್ಮ ಶಿಕ್ಷಕರ ಕೋಣೆಯಲ್ಲಿ ತೂಕಡಿಸಿದರೆ ಹೆಚ್ಚೆಂದರೆ ಪೆನ್ನು ಕೆಳಗೆ ಬೀಳುತ್ತದೆ. ಕುಲುಮೆಯ ಮುಂದೆ ತೂಕಡಿಸಿದರೆ ಬೀಳುವುದು ಮನುಷ್ಯ. ಈ ಯಂತ್ರವೋ ಹಳೆಯದು, ಹಗಲೆಲ್ಲ ಗುರ್ ಎನ್ನುತ್ತ ಕೂತಿರುವುದು. ತಮ್ಮನಿಗೆ ನಿದ್ದೆ ಹತ್ತಿತ್ತೋ ಇಲ್ಲವೋ ಟವೆಲ್ಲು ಹೇಳಲಿಲ್ಲ. ಹತ್ತಿಲ್ಲವೆಂದು ನಾನೇ ತೀರ್ಮಾನಿಸಿ ಕಂಗಾಲಾದೆ.

ಒಂದು ವಾರ ಅಂತರ್ಜಾಲ ಜಾಲಾಡಿದೆ. ಕಂಟ್ರೋಲ್ ಪ್ಯಾನೆಲ್ ತೆರೆಯಿರಿ ಎಂದಿತು, ತೆರೆದೆ. ಡಿಸ್ಪ್ಲೇ ಡ್ರೈವರ್ ಹೊಸದು ಹಾಕಿರಿ ಎಂದಿತು, ಹಾಕಿದೆ. ಅಕ್ಷರ ದಪ್ಪಗಾದವು, ನಿದ್ದೆ ಬರಲಿಲ್ಲ. ಡಬ್ಬಿಯ ಮುಂಭಾಗದ ಗುಂಡಿಯನ್ನು ಒತ್ತಿ ಹಿಡಿದರೆ ಯಂತ್ರ ಸಾಯುತ್ತದೆ, ಜೊತೆಗೆ ನಿಮ್ಮ ಕಡತಗಳೂ ಸಾಯಬಹುದು ಎಂದು ಹೆದರಿಸಿತು. ಅದರೊಳಗೆ ನನ್ನ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳಿದ್ದವು, ಕೈ ಹಿಂದೆ ತೆಗೆದೆ. ಈ ಹುಡುಕಾಟದಲ್ಲಿ ಕಂಪ್ಯೂಟರಿಗೆ ಎರಡು ಬಗೆಯ ನಿದ್ದೆ ಉಂಟೆಂದು ತಿಳಿಯಿತು, ಒಂದು ಹಗುರ, ಇನ್ನೊಂದು ಗಾಢ. ಕನ್ನಡ ಮೇಷ್ಟ್ರಾದ ನನಗೆ ನಗು ಬಂತು. ತೂಕಡಿಕೆ, ಮಂಪರು, ಜೊಂಪು, ಕೋಳಿನಿದ್ದೆ ಎಂದು ನಮ್ಮಲ್ಲಿ ಎಣಿಸಿದಷ್ಟೂ ಇವೆ. ಅಷ್ಟೆಲ್ಲ ಇಟ್ಟುಕೊಂಡು ಒಂದನ್ನೂ ಆ ಡಬ್ಬಿಗೆ ಕೊಡಲಾರದೆ ಕೂತಿದ್ದೆ.

ಕೊನೆಗೆ ಗಂಗಾವತಿಯಿಂದ ವಾರಕ್ಕೊಮ್ಮೆ ಈ ಕಡೆ ಬರುವ ರಿಪೇರಿಯ ಖಾಜಾಸಾಬನಿಗೆ ಫೋನು ಮಾಡಿದೆ. ಇಲ್ಲಿ ನಮ್ಮ ಮನೆಯ ಒಂದು ನೇಮ ಹೇಳಬೇಕು. ನಮ್ಮಲ್ಲಿ ದೀಪವನ್ನು ಆರಿಸುವ ಹಾಗಿಲ್ಲ, ಶಾಂತ ಮಾಡಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಗೆ ಹೊರಟವರು ಹೋಗುತ್ತೇನೆ ಅನ್ನದೆ ಬರುತ್ತೇನೆ ಅಂದೇ ಹೋಗಬೇಕು. ಗಿರಿಜಾಳ ಆಡಳಿತದಲ್ಲಿ ಈ ನೇಮ ದೇವರ ದೀಪದಿಂದ ಟ್ಯೂಬ್‌ಲೈಟಿಗೆ, ಅಲ್ಲಿಂದ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ದಾಟಿತ್ತು. ಬಾಯಿಗೆ ಅಭ್ಯಾಸವಾದದ್ದೇ ಬಂತು: "ಖಾಜಾಸಾಬ, ನಮ್ಮ ಕಂಪ್ಯೂಟರ್ ಶಾಂತ ಆಗವಲ್ದು ನೋಡಪಾ."

ನಾನು ಶಾಲೆಯಲ್ಲಿದ್ದಾಗ ಅವನು ಬಂದ. ಗಿರಿಜಾಳೂ ಅದನ್ನೇ ಹೇಳಿದಳಂತೆ, ಶಾಂತ ಆಗಬೇಕು ಅಷ್ಟೇ ಎಂದು. ಪುಣ್ಯಾತ್ಮ ಡಬ್ಬಿ ಬಿಚ್ಚಿ ಧೂಳು ಊದಿ, ಗುರುಗುಡುತ್ತಿದ್ದ ಫ್ಯಾನು ಕಿತ್ತೆಸೆದು, ಹೊಸದು ಕೂರಿಸಿ ಹೋಗಿದ್ದ. ಸಂಜೆ ಬಂದು ನೋಡುತ್ತೇನೆ, ಸ್ಲೀಪ್ ಇಲ್ಲ, ಶಟ್ ಡೌನ್ ಇಲ್ಲ, ಆದರೆ ಯಂತ್ರ ಪರಮಶಾಂತ. ಕಿವಿಯಿಟ್ಟರೂ ಉಸಿರು ಕೇಳದು. ಪದವೊಂದಕ್ಕೆ ಎರಡು ಅರ್ಥವಿದ್ದರೆ ಆಗುವ ಅನಾಹುತವನ್ನು ನಾನೇ ವರ್ಷಾ ವರ್ಷ ಪಾಠ ಮಾಡುತ್ತೇನೆ. ಹೋಗಲಿ, ತಮ್ಮನಾದರೂ ಇನ್ನು ನೆಮ್ಮದಿಯಿಂದ ಮಲಗುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನದಿಂದ ಹನುಮಂತನ ಕಣ್ಣು ಕೆಂಪಗಾಗತೊಡಗಿದವು. ಟವೆಲ್ಲಿನ ಕೆಳಗೆ ಹೊರಳಾಡುತ್ತಿದ್ದ. ಮೂರನೇ ರಾತ್ರಿ ಕುಲುಮೆಯ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿದನಂತೆ, ಪಕ್ಕದವನು ಅಂಗಿ ಹಿಡಿದು ಹಿಂದಕ್ಕೆ ಎಳೆದನಂತೆ. ಬೆಳಿಗ್ಗೆ ಮನೆಗೆ ಬಂದಾಗ ಅಂಗಿಯ ತೋಳು ಹರಿದಿತ್ತು. ಗಿರಿಜಾ ಸೂಜಿ ದಾರ ತಂದು ಹೊಲಿಯಲು ಕೂತಳು.

ಸಪ್ಪಳವಲ್ಲ, ಪರದೆಯ ಬೆಳಕೇ ಇವನ ನಿದ್ದೆ ತಿನ್ನುತ್ತಿದೆ ಎಂದು ಹೊಸ ಸಂಶೋಧನೆ ಮಾಡಿ, ಪ್ರಶ್ನೆಪತ್ರಿಕೆ ಹಾಳಾಗಿ ಹೋಗಲಿ ಎಂದು ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದೆ.

"ಅಣ್ಣಾ, ಕೀಳಬ್ಯಾಡ," ಎಂದ ಹನುಮಂತ. "ಅದು ಗುರ್ ಅಂದ್ರನ ನನಗ ನಿದ್ದಿ ಹತ್ತತಿತ್ತು. ಕಾರ್ಖಾನಿ ಸಪ್ಪಳದಾಗ ಹನ್ನೆರಡು ವರ್ಷ ಆತು, ಸಪ್ಪಳ ಇಲ್ಲಂದ್ರ ಎಚ್ಚರ ಆಗಿಬಿಡತೈತಿ. ನೀ ಸಾಲಿಗೆ ಹೋಗೂ ಮುಂದ ಅದನ್ನ ಮಲಗಿಸತಿದ್ದಿ, ನಾ ಏಳತಿದ್ದೆ. ಅದಕ್ಕ ನಮ್ಮ ಗೆಳೆಯಾನ ಕರ್ಕೊಂಬಂದು ಆ ಬಟನ್ ತಗಿಸಿದ್ದೆ."

"ನನಗ ಹೇಳಬಾರದಿತ್ತೇನೋ?"

"ನಿನ್ನ ಕಂಪ್ಯೂಟರು. ನಿನಗ ಹೆಂಗ ಹೇಳ್ಲಿ?"

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ ಬರೆಸುವ ಮೇಷ್ಟ್ರು ನಾನು. ಸಂತೆ ಇದ್ದರೇ ನಿದ್ದೆ ಬರುವವನು ನನ್ನ ಮನೆಯಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಖಾಜಾಸಾಬನಿಗೆ ಮತ್ತೆ ಫೋನು ಮಾಡಿ ಸಪ್ಪಳ ವಾಪಸ್ ಬೇಕೆಂದೆ. ಅವನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, "ಸರ್, ಕೆಡಿಸೂದು ನಾವು ಕಲ್ತಿಲ್ಲ್ರಿ," ಎಂದ. ಆ ಹಳೇ ಫ್ಯಾನು ಗುಜರಿಯಲ್ಲಿ ಸಿಕ್ಕರೆ ನಾಳೆ ತರುತ್ತಾನಂತೆ. ಆದರೆ ಹನುಮಂತ ಅವತ್ತೇ ರಾತ್ರಿ ಮತ್ತೆ ಕುಲುಮೆಯ ಮುಂದೆ ನಿಲ್ಲಬೇಕಿತ್ತು. ರಜೆ ಹಾಕು ಎಂದರೆ ಒಲ್ಲೆ ಎಂದ.

ರಜೆ ನಾನೇ ಹಾಕಿದೆ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಕೈಗೆ ಸಿಕ್ಕ ವ್ಯಾಕರಣದ ಪುಸ್ತಕ ತೆರೆದು, ಕ್ಲಾಸಿನ ದನಿಯಲ್ಲೇ ಓದತೊಡಗಿದೆ. ಲೋಪಸಂಧಿ ಮುಗಿಯುವವರೆಗೆ ಹನುಮಂತ ಜಂತಿ ನೋಡುತ್ತಿದ್ದ. ಆಗಮಸಂಧಿಯಲ್ಲಿ ಆಕಳಿಸಿದ. ಆದೇಶಸಂಧಿಯ ಮೂರನೇ ಉದಾಹರಣೆಗೆ ಗೊರಕೆ ಎದ್ದಿತು. ಇದೇ ಪಾಠಕ್ಕೆ ಇದೇ ಗೊರಕೆ ಹೊಡೆದ ಎಷ್ಟು ಹುಡುಗರ ಕಿವಿ ಹಿಂಡಿದ್ದೇನೋ ನಾನು. ನೀರು ಕುಡಿಯಲೆಂದು ನಿಲ್ಲಿಸಿದೆ, ಅವನು ಮಿಸುಕಾಡಿದ. ತಂಬಿಗೆ ಕೆಳಗಿಟ್ಟು ಸಮಾಸಕ್ಕೆ ಕೈ ಹಾಕಿದೆ. ಗಿರಿಜಾ ಬಾಗಿಲಿಗೆ ಬಂದು ನೋಡಿ, ಸದ್ದು ಮಾಡದೆ ಮಜ್ಜಿಗೆ ಇಟ್ಟು ಹೋದಳು. ಸಂಜೆ ಐದಕ್ಕೆ ಹನುಮಂತ ತಾನಾಗಿ ಎದ್ದಾಗ ನಾನು ಅಲಂಕಾರಗಳನ್ನು ಮುಗಿಸಿ ಛಂದಸ್ಸಿಗೆ ಬಂದಿದ್ದೆ, ಗಂಟಲು ಪೂರಾ ಬಿದ್ದುಹೋಗಿತ್ತು. ಇಷ್ಟು ವರ್ಷದಲ್ಲಿ ನನ್ನ ಪಾಠದಿಂದ ಯಾರಿಗಾದರೂ ಇಷ್ಟು ಉಪಯೋಗವಾದದ್ದು ಅದೇ ಮೊದಲು.